ಹಳೆಯ ನ್ಯಾಚುರಲ್ ಹಾರ್ನ್ ಕೊಳ್ಳಹೊರಟವರಿಗೆ

ಫ್ರೆಂಚ್ ಹಾರ್ನ್ ನುಡಿಸುತ್ತ, ಈಗ ಹಳೆಯ ಕಾಲದ ನ್ಯಾಚುರಲ್ ಹಾರ್ನ್ ಒಂದನ್ನು ಕೊಳ್ಳುವ ಯೋಚನೆಯಲ್ಲಿರುವ ಕನ್ನಡದ ವಾದಕ ಮಿತ್ರರಿಗೆ,

ನ್ಯಾಚುರಲ್ ಹಾರ್ನ್ ಎಂದರೆ ವಾಲ್ವ್ ಇಲ್ಲದ ಹಾರ್ನ್. ಸುಮಾರು ಮೂರರಿಂದ ಐದೂವರೆ ಮೀಟರ್ ಉದ್ದದ ಹಿತ್ತಾಳೆ ಕೊಳವೆಯನ್ನು ಬಳೆಯಂತೆ ಸುತ್ತಿರುತ್ತಾರೆ. ಒಂದು ತುದಿಗೆ ಮೌತ್‌ಪೀಸ್, ಇನ್ನೊಂದು ತುದಿಗೆ ಅಗಲವಾಗಿ ಅರಳಿದ ಬೆಲ್. ಒತ್ತಲು ಕೀಲಿಯಿಲ್ಲ, ಬೆರಳಿಂದ ಮುಚ್ಚಲು ರಂಧ್ರವಿಲ್ಲ. ತುಟಿಯ ಬಿಗಿ ಬದಲಾದಂತೆ, ಅಷ್ಟು ಉದ್ದದ ಕೊಳವೆಗೆ ಸಹಜವಾಗಿ ಒದಗುವ ಸ್ವರಗಳಷ್ಟೇ ಹೊರಡುತ್ತವೆ. ತಂಬೂರಿಯ ಮಂದ್ರ ತಂತಿಯನ್ನು ಮೀಟಿದಾಗ ಯಾರೂ ಮೀಟದ ಅಂತರ ಗಾಂಧಾರ ತಾನಾಗಿ ಕೇಳಿಬರುತ್ತದಲ್ಲ, ಇದೂ ಅದೇ ಶ್ರೇಣಿ. ಆ ಗಾಂಧಾರ ಶ್ರೇಣಿಯ 5ನೇ ಹಾರ್ಮೋನಿಕ್. ಶ್ರೇಣಿಯ ಕೆಲವು ಸ್ವರಗಳು ಪಿಯಾನೋದ ಯಾವ ಮನೆಗೂ ಕೂಡುವುದಿಲ್ಲ. ಒಂದು ಅರ್ಧಸ್ವರವನ್ನು ನೂರು ಸೆಂಟ್ ಎಂದು ಎಣಿಸಿದರೆ 7ನೆಯದು ಸುಮಾರು 31 ಸೆಂಟ್ ಇಳಿದಿರುತ್ತದೆ, 11ನೆಯದು ಎರಡು ಸ್ವರಗಳ ನಟ್ಟನಡುವೆ ನಿಲ್ಲುತ್ತದೆ. ಹಳೆಯ ವಾದ್ಯವೊಂದರಲ್ಲಿ ಈ ಸ್ವರಗಳು ಪಿಯಾನೋಗೆ ಹೊಂದದಿದ್ದರೆ ಅದು ವಾದ್ಯದ ದೋಷವಲ್ಲ. ಇದನ್ನು ಮೊದಲೇ ಹೇಳಬೇಕಾಗುತ್ತದೆ, ಏಕೆಂದರೆ ಟ್ಯೂನರ್ ಹಿಡಿದು ಒಳ್ಳೆಯ ವಾದ್ಯವನ್ನು ತಳ್ಳಿಹಾಕುವುದು ಹೊಸಬರು ಮಾಡುವ ಮೊದಲ ತಪ್ಪು.

ವಾದ್ಯ ಹುಟ್ಟಿದ್ದು ಬೇಟೆಯಲ್ಲಿ. 17ನೇ ಶತಮಾನದ ಫ್ರಾನ್ಸಿನಲ್ಲಿ ಕುದುರೆ ಸವಾರರು ಹೆಗಲಿಗೆ ಹಾಕಿಕೊಂಡು ಊದುತ್ತಿದ್ದ ಬೇಟೆ ಕಹಳೆಯನ್ನು ಬೊಹೀಮಿಯದ ಕೌಂಟ್ ಶ್ಪೋರ್ಕ್ 1680ರ ಆಸುಪಾಸಿನಲ್ಲಿ ಕೇಳಿ ಮೆಚ್ಚಿ, ಅದನ್ನು ಕಲಿಯಲೆಂದೇ ತನ್ನ ಇಬ್ಬರು ಆಳುಗಳನ್ನು ನೇಮಿಸಿದ. ಅಲ್ಲಿಂದಾಚೆಗೆ ಬೊಹೀಮಿಯ ಹಾರ್ನ್ ವಾದಕರ ತವರಾಯಿತು. 18ನೇ ಶತಮಾನದ ಆರಂಭದಲ್ಲಿ ವಿಯೆನ್ನಾದ ವಾದ್ಯ ತಯಾರಕ ಲೈಷ್ನಾಮ್‌ಶ್ನೈಡರ್ ಸಹೋದರರ ಕಾಲಕ್ಕೆ ಶ್ರುತಿ ಬದಲಿಸುವ ಬಿಡಿ ಸುರುಳಿಗಳು ಬಳಕೆಗೆ ಬಂದವು. ಇವೇ ಕ್ರೂಕ್‌ಗಳು. ಅದೇ ಶತಮಾನದ ನಡುಭಾಗದಲ್ಲಿ ಡ್ರೆಸ್ಡೆನ್ ಆಸ್ಥಾನದ ವಾದಕ ಆಂಟನ್ ಜೋಸೆಫ್ ಹ್ಯಾಂಪೆಲ್, ಬೆಲ್‌ನೊಳಗೆ ಬಲಗೈ ಇಟ್ಟು ಅದನ್ನು ಹೆಚ್ಚುಕಡಿಮೆ ಮುಚ್ಚುತ್ತ, ಶ್ರೇಣಿಯಲ್ಲಿಲ್ಲದ ನಡುವಿನ ಸ್ವರಗಳನ್ನು ತೆಗೆಯುವ ವಿದ್ಯೆಯನ್ನು ಕ್ರಮಕ್ಕೆ ತಂದ. ಮೊಜಾರ್ಟ್ ತನ್ನ ಗೆಳೆಯ ಲೊಯಿಟ್‌ಗೆಬ್‌ಗೆಂದು ಬರೆದ ಕನ್ಚೆರ್ಟೊಗಳು, ಬೀಥೋವನ್ 1800ರಲ್ಲಿ ಹಾರ್ನ್ ವಾದಕ ಪುಂಟೊಗೆಂದು ಬರೆದ ಸೊನಾಟಾ, ಬ್ರಾಮ್ಸ್ 1865ರಲ್ಲಿ ಬರೆದ ಹಾರ್ನ್ ಟ್ರಿಯೋ, ಎಲ್ಲವೂ ಈ ಬಲಗೈಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಹುಟ್ಟಿದವು. ಹಳೆಯ ವಾದ್ಯವನ್ನು ಕೊಳ್ಳುವುದೆಂದರೆ ಈ ಕೈಗೆ ತಕ್ಕ ಬೆಲ್ ಒಂದನ್ನು ಕೊಳ್ಳುವುದು.

ಹೈನ್ರಿಕ್ ಷ್ಟೋಲ್ಟ್ಸೆಲ್ ವಾಲ್ವ್ ಅನ್ನು ಮುಂದಿಟ್ಟದ್ದು 1814ರಲ್ಲಿ. ಆದರೆ ವಾಲ್ವ್ ಬಂದೊಡನೆ ನ್ಯಾಚುರಲ್ ಹಾರ್ನ್ ಮೂಲೆ ಸೇರಲಿಲ್ಲ, ಫ್ರಾನ್ಸಿನಲ್ಲಂತೂ ಇಲ್ಲವೇ ಇಲ್ಲ. ಪ್ಯಾರಿಸ್ ಕನ್ಸರ್ವೆಟರಿಯಲ್ಲಿ ದೋಪ್ರಾ, ಅವರ ನಂತರ ಗಲ್ಲೆ ನ್ಯಾಚುರಲ್ ಹಾರ್ನನ್ನೇ ಕಲಿಸಿದರು. 1833ರಲ್ಲಿ ಮೇಫ್ರೆ ವಾಲ್ವ್ ಹಾರ್ನ್ ತರಗತಿ ಆರಂಭಿಸಿದರೂ 1864ರಲ್ಲಿ ಅವರು ನಿವೃತ್ತರಾದ ಮೇಲೆ ಅದು ನಿಂತುಹೋಯಿತು. ಅಲ್ಲಿ ವಾಲ್ವ್ ಹಾರ್ನ್ ಮತ್ತೆ ಅಧಿಕೃತ ಪಾಠವಾದದ್ದು 1903ರಲ್ಲಿ. ಕೊಳ್ಳುವವರಿಗೆ ಈ ಚರಿತ್ರೆ ಬೇಕಾಗುವುದು ಒಂದು ಕಾರಣಕ್ಕೆ: ಜರ್ಮನ್ ನಾಡುಗಳಲ್ಲಿ ನ್ಯಾಚುರಲ್ ಹಾರ್ನ್ ಹಿಂದೆ ಸರಿದ ಮೇಲೂ ಪ್ಯಾರಿಸಿನ ಕಾರ್ಯಾಗಾರಗಳು ಅದನ್ನು ದಶಕಗಳ ಕಾಲ ಮಾಡುತ್ತಲೇ ಇದ್ದವು. ಹಾಗಾಗಿ ಸವೆದಿದ್ದರೂ ನುಡಿಯುವ ಸ್ಥಿತಿಯಲ್ಲಿರುವ ವಾದ್ಯ ಬೇಕೆಂದವರಿಗೆ 19ನೇ ಶತಮಾನದ ಫ್ರೆಂಚ್ ಹಾರ್ನ್ ಸಿಗುವ ಸಾಧ್ಯತೆ, 18ನೇ ಶತಮಾನದ ವಿಯೆನ್ನಾ ಹಾರ್ನ್ ಸಿಗುವ ಸಾಧ್ಯತೆಗಿಂತ ಬಹಳ ಹೆಚ್ಚು. ಎರಡನೆಯದರ ಜಾಗ ಹೆಚ್ಚಾಗಿ ವಸ್ತುಸಂಗ್ರಹಾಲಯ.

ಮಾರಾಟಕ್ಕೆ ಬರುವ ಬಗೆಬಗೆಯ ಸುತ್ತು ಕಹಳೆಗಳು ನ್ಯಾಚುರಲ್ ಹಾರ್ನ್ ಎಂಬ ಒಂದೇ ಹೆಸರು ಹೊತ್ತು ಬರುತ್ತವೆ. ಇವುಗಳಲ್ಲಿ ಬಹಳಷ್ಟು ಫ್ರೆಂಚ್ ಬೇಟೆ ಕಹಳೆಗಳು, ಅಂದರೆ ಟ್ರೊಂಪ್ ದ ಶಾಸ್. ಇದರ ಕೊಳವೆ ಸುಮಾರು 4.5 ಮೀಟರ್, ಶ್ರುತಿ ಡಿ ಒಂದೇ. ಮೂರೂವರೆ ಸುತ್ತಿನ ಓರ್ಲೆಯಾನ್ ಮಾದರಿ 19ನೇ ಶತಮಾನದಿಂದ ಇಂದಿನವರೆಗೂ ತಯಾರಾಗುತ್ತಿದೆ. ಇದನ್ನು ಬೆಲ್ ಹಿಂದಕ್ಕೆ ಮಾಡಿ ಬಯಲಲ್ಲಿ ಊದುತ್ತಾರೆ, ಕೈ ಒಳಗಿಡುವುದಿಲ್ಲ. 2020ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಕಲೆ ಅದು, ಗೌರವಕ್ಕೆ ಅರ್ಹವಾದದ್ದು. ಆದರೆ ಮೊಜಾರ್ಟ್ ನುಡಿಸಲು ಹೊರಟವರಿಗೆ ಉಪಯೋಗಕ್ಕೆ ಬರುವುದಿಲ್ಲ. ಗುರುತಿಸುವುದು ಸುಲಭ: ಕ್ರೂಕ್ ಸಿಕ್ಕಿಸುವ ಜಾಗ ಇರುವುದಿಲ್ಲ, ಮೌತ್‌ಪೀಸ್ ನೇರವಾಗಿ ದೇಹದ ಕೊಳವೆಗೇ ಹೋಗುತ್ತದೆ.

ವಾದ್ಯವೃಂದದ ಹಾರ್ನ್‌ನಲ್ಲಿ ಎರಡು ಬಗೆ. ಒಂದರಲ್ಲಿ ಕ್ರೂಕ್ ಮೌತ್‌ಪೀಸ್ ಕಡೆಯ ತುದಿಗೆ ಸಿಕ್ಕುತ್ತದೆ. ಬಿ-ಫ್ಲಾಟ್ ಆಲ್ಟೊದಿಂದ ಬಿ-ಫ್ಲಾಟ್ ಬಾಸೊವರೆಗೆ ಎಂಟು, ಒಂಬತ್ತು ಕ್ರೂಕ್‌ಗಳ ಪೆಟ್ಟಿಗೆಯೇ ಜೊತೆಗಿರುತ್ತಿತ್ತು. ಇನ್ನೊಂದು ಸೋಲೊ ನುಡಿಸುವ ವಾದಕರಿಗೆಂದು ಪ್ಯಾರಿಸಿನ ರಾವೂ ಮನೆತನ 1780ರ ಹೊತ್ತಿಗೆ ರೂಪಿಸಿದ ಕೊರ್ ಸೊಲೊ. ಇದರಲ್ಲಿ ಮೌತ್‌ಪೀಸ್ ಕೊಳವೆ ಸ್ಥಿರ. ಕ್ರೂಕ್ ವಾದ್ಯದ ನಡುವಿನ ಎರಡು ಕಾಲುಗಳಿಗೆ ಸಿಕ್ಕುತ್ತದೆ, ಜಿ, ಎಫ್, ಇ, ಇ-ಫ್ಲಾಟ್, ಡಿ ಎಂಬ ಐದೇ ಶ್ರುತಿ. ಮೊದಲ ಸಲ ಕೊಳ್ಳುವವರಿಗೆ ಮೊದಲ ಬಗೆಯೇ ಮೇಲು. ಕ್ರೂಕ್ ಒಂದು ಕಳೆದಿದ್ದರೂ ಹೊಸದಾಗಿ ಮಾಡಿಸುವುದು ಅದರಲ್ಲಿ ಕಡಿಮೆ ಕಷ್ಟ. ಕೊರ್ ಸೊಲೊದಲ್ಲಿ ಎರಡು ಕಾಲೂ ಒಂದಕ್ಕೊಂದು ಸಮಾನಾಂತರವಾಗಿ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಕೂಡಬೇಕು.

ಮೋಸ ಎರಡು ಕಡೆ ಕಾದಿರುತ್ತದೆ. ಮೊದಲನೆಯದು ಅಲಂಕಾರದ ಸರಕು. ಮೊರಾದಾಬಾದ್‌ನಂಥ ಹಿತ್ತಾಳೆ ಕೆಲಸದ ಊರುಗಳಿಂದ ಗೋಡೆಗೆ ತೂಗುಹಾಕಲೆಂದೇ ಬರುವ ಕಹಳೆಗಳನ್ನು, ಹುಳಿ ಹಚ್ಚಿ ಕಪ್ಪಾಗಿಸಿ ಹಳೆಯದೆಂದು ಮಾರುವುದುಂಟು. ತೂಕ ಹೆಚ್ಚು, ಬೆಸುಗೆ ದಪ್ಪ, ಬೆಲ್‌ನ ಅಂಚು ಒರಟು, ಊದಿದರೆ ಎರಡು ಮೂರು ಸ್ವರ ಹೊರಟರೆ ಹೆಚ್ಚು. ಹಾರ್ನ್ ನುಡಿಸಿದ ಕೈಗೆ ಇದು ಎತ್ತಿಕೊಂಡ ಕ್ಷಣಕ್ಕೇ ತಿಳಿಯುತ್ತದೆ, ಚಿತ್ರದಲ್ಲಿ ಮಾತ್ರ ನೋಡಿದವರಿಗೆ ತಿಳಿಯುವುದಿಲ್ಲ.

ಎರಡನೆಯದು ಸೂಕ್ಷ್ಮವಾದದ್ದು. 19ನೇ ಶತಮಾನದಲ್ಲಿ ಎಷ್ಟೋ ಒಳ್ಳೆಯ ನ್ಯಾಚುರಲ್ ಹಾರ್ನ್‌ಗಳಿಗೆ ವಾಲ್ವ್ ಕೂಡಿಸಿದರು. ಪ್ಯಾರಿಸಿನ ಬೆಲ್‌ಗಳ ಮೇಲೆ ಇಂಗ್ಲೆಂಡಿನ ವಾದಕರಿಗೆ ಎಷ್ಟು ಮೋಹವಿತ್ತೆಂದರೆ, 20ನೇ ಶತಮಾನದ ನಡುವಿನವರೆಗೂ ಡೆನಿಸ್ ಬ್ರೇನ್ ಪಿಸ್ಟನ್ ವಾಲ್ವ್‌ಗಳಿದ್ದ ರಾವೂ ಹಾರ್ನನ್ನೇ ನುಡಿಸುತ್ತಿದ್ದರು. ಅಂಥ ವಾದ್ಯಗಳಿಂದ ಆಮೇಲೆ ವಾಲ್ವ್ ಕಿತ್ತು, ಕೊಳವೆ ಕೂಡಿಸಿ, ಮತ್ತೆ ನ್ಯಾಚುರಲ್ ಹಾರ್ನ್ ಎಂದು ಮಾರುತ್ತಾರೆ. ಹುಟ್ಟಿನಿಂದಲೇ ವಾಲ್ವ್ ಇದ್ದ 1880, 1900ರ ಸಾಮಾನ್ಯ ಹಾರ್ನ್‌ಗಳನ್ನೂ ಹೀಗೆಯೇ ಕತ್ತರಿಸಿ ಮಾರುವುದುಂಟು. ಕಲಿಯಲು ಇವು ತಕ್ಕಮಟ್ಟಿಗೆ ಸಾಕು. ಆದರೆ ಪ್ರಾಚೀನ ನ್ಯಾಚುರಲ್ ಹಾರ್ನ್‌ನ ಬೆಲೆ ಕೊಟ್ಟು ಕೊಳ್ಳುವಂಥವಲ್ಲ. ಕಿತ್ತ ಜಾಗದ ಗುರುತು ಹಿತ್ತಾಳೆಯ ಮೇಲೆ ಉಳಿಯುತ್ತದೆ: ಕಾರಣವಿಲ್ಲದ ಜಾಗದಲ್ಲಿ ಬೂದು ಬಣ್ಣದ ಬೆಸುಗೆಯ ಕಲೆ, ಹಳೆಯ ಕೊಳವೆಗಳ ನಡುವೆ ಬಣ್ಣ ಬೇರೆಯಾದ ಒಂದು ತುಂಡು, ಸುತ್ತಿನ ದಾರಿ ತಟ್ಟನೆ ತಿರುಗುವ ಮೂಲೆ.

ತಯಾರಕರ ಹೆಸರು ಬೆಲ್‌ನ ಮೇಲಿರುತ್ತದೆ. ಜರ್ಮನ್, ಆಸ್ಟ್ರಿಯನ್ ವಾದ್ಯಗಳಲ್ಲಿ ಅಂಚಿನ ಪಟ್ಟಿಯ ಸುತ್ತ, ಫ್ರೆಂಚ್ ವಾದ್ಯಗಳಲ್ಲಿ ಸಾಮಾನ್ಯವಾಗಿ ಬೆಲ್‌ನ ಹೊರಮೈಯಲ್ಲಿ ಕೆತ್ತಿರುತ್ತಾರೆ ಅಥವಾ ಮುದ್ರೆ ಒತ್ತಿರುತ್ತಾರೆ. ರಾವೂ, ಕೂರ್ತುವಾ, ಲಬ್ಬೇ ಹೆಸರುಗಳು ಪ್ಯಾರಿಸಿನವು. ಮಾರ್ಸೆಲ್-ಒಗಸ್ಟ್ ರಾವೂ ತಮ್ಮ ಅಂಗಡಿಯನ್ನು 1857ರಲ್ಲಿ ಲಬ್ಬೇಗೆ ಒಪ್ಪಿಸಿದರು. ಹೆಸರಿನ ಜೊತೆಯಲ್ಲಿರುವ ಬೀದಿಯ ವಿಳಾಸ, ಬಿರುದುಗಳು ಕಾಲ ನಿರ್ಣಯಕ್ಕೆ ಹೆಸರಿಗಿಂತ ಹೆಚ್ಚು ನೆರವಾಗುತ್ತವೆ, ಏಕೆಂದರೆ ಅಂಗಡಿಗಳು ಜಾಗ ಬದಲಿಸಿದ ವರ್ಷಗಳು ದಾಖಲಾಗಿವೆ. 1993ರಲ್ಲಿ ವಿಲಿಯಂ ವಾಟರ್‌ಹೌಸ್ ಹೊರತಂದ ನ್ಯೂ ಲ್ಯಾಂಗ್‌ವಿಲ್ ಇಂಡೆಕ್ಸ್ ಗಾಳಿವಾದ್ಯ ತಯಾರಕರ ಇಂಥ ವಿವರಗಳ ಕೋಶ. ಉಜ್ಜಿ ಉಜ್ಜಿ ಹೆಸರೇ ಮಸುಕಾಗಿದ್ದರೆ ಅದರ ಅರ್ಥ ಹೆಸರು ಹೋಯಿತು ಎಂದಷ್ಟೇ ಅಲ್ಲ, ಅಷ್ಟು ದಪ್ಪದ ಲೋಹವೂ ಹೋಯಿತು.

ಇನ್ನು ಸವೆತ. ಮಾರುವವರು ನುಡಿಸಬಹುದಾದ ಸ್ಥಿತಿ ಎಂದು ಬರೆದರೆ, ಊದಿದರೆ ಸದ್ದು ಬರುತ್ತದೆ ಎಂಬುದಕ್ಕಿಂತ ಹೆಚ್ಚೇನನ್ನೂ ಅದರಿಂದ ತಿಳಿಯಬಾರದು. ಸದ್ದು ಹರಿದ ಹಾರ್ನ್‌ನಲ್ಲೂ ಬರುತ್ತದೆ. ಕೊಳ್ಳುವವರು ಕೇಳಬೇಕಾದದ್ದು ಸವೆತ ಎಷ್ಟು ಎಂದಲ್ಲ, ಎಲ್ಲಿ ಎಂದು.

ಬೆಲ್‌ನ ಅಗಲವಾದ ಭಾಗದಲ್ಲಿ ನೆಗ್ಗು, ಸುಕ್ಕು, ಗೀರು ಇದ್ದರೆ ನಾದಕ್ಕೆ ಬರುವ ಕುಂದು ಅಲ್ಪ. ಕೊಳವೆ ಕಿರಿದಾದಷ್ಟೂ ನೆಗ್ಗಿನ ತೊಂದರೆ ಹಿರಿದು. ಮೌತ್‌ಪೀಸ್‌ನಿಂದ ಮೊದಲ ಒಂದು ಗೇಣಿನೊಳಗೆ ಅವರೆಕಾಳಿನಷ್ಟು ನೆಗ್ಗಿದ್ದರೂ ಯಾವುದೋ ಒಂದೆರಡು ಸ್ವರ ನಡುಗುತ್ತವೆ ಅಥವಾ ಶ್ರುತಿ ಜಾರುತ್ತವೆ. ಮೊದಲ ಬಗೆಯ ಹಾರ್ನ್‌ನಲ್ಲಿ ಆ ಜಾಗ ಕ್ರೂಕ್‌ನಲ್ಲೇ ಇರುವುದರಿಂದ, ವಾದ್ಯದ ದೇಹವನ್ನು ಸೂಕ್ಷ್ಮವಾಗಿ ನೋಡಿ ಕ್ರೂಕ್‌ಗಳನ್ನು ಸುಮ್ಮನೆ ಎಣಿಸಿ ಬಿಡುವವರು ಮುಖ್ಯವಾದದ್ದನ್ನೇ ನೋಡದೆ ಹೋಗುತ್ತಾರೆ.

ಬೆಲ್‌ನ ಒಳಗೆ ಬಲಗೈ ಕೂರುವ ಜಾಗ, ದೇಹವನ್ನು ಎಡಗೈ ಹಿಡಿಯುವ ಜಾಗ, ಇವೆರಡೂ ಬೆವರು ತಿಂದ ಜಾಗಗಳು. ಫ್ರೆಂಚ್ ಹಾರ್ನ್‌ಗಳ ಬೆಲ್‌ನ ಒಳಮೈಗೆ ಹಸಿರು ಅಥವಾ ಕಪ್ಪು ಬಣ್ಣ ಬಳಿದು ಚಿನ್ನದ ಬಣ್ಣದಲ್ಲಿ ಎಲೆಬಳ್ಳಿ ಬರೆಯುವ ಪದ್ಧತಿಯಿತ್ತು. ಆ ಬಣ್ಣ ಕೈ ಕೂರುವ ಜಾಗದಲ್ಲಷ್ಟೇ ಸವೆದು ಹಿತ್ತಾಳೆ ಕಾಣುತ್ತಿದ್ದರೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಇನ್ನೊಂದಿಲ್ಲ: ಯಾರೋ ಒಬ್ಬ ವಾದಕ ವರ್ಷಗಟ್ಟಲೆ ಅಲ್ಲಿ ಕೈಯಿಟ್ಟು ಜೀವನ ಸಾಗಿಸಿದ್ದಾನೆ. ನುಡಿಯದ ವಾದ್ಯವನ್ನು ಯಾರೂ ಅಷ್ಟು ಕಾಲ ಹಿಡಿಯುವುದಿಲ್ಲ. ಇಂಥ ಸವೆತಕ್ಕೆ ಅಂಜಬೇಕಿಲ್ಲ. ಹಾಗೆಯೇ ಬೆಲ್‌ನ ಉದ್ದಕ್ಕೂ ಹಲ್ಲುಹಲ್ಲಾಗಿ ಕಾಣುವ ಬೆಸುಗೆಯ ಗೆರೆಯೂ ಬಿರುಕಲ್ಲ. ಹಿತ್ತಾಳೆ ತಗಡನ್ನು ಕತ್ತರಿಸಿ, ಅಂಚುಗಳನ್ನು ಹಲ್ಲಿನಂತೆ ಒಂದರೊಳಗೊಂದು ಕೂಡಿಸಿ, ಬೆಸೆದು, ಬಡಿದು ಬೆಲ್ ಮಾಡುತ್ತಿದ್ದ ಕಾಲದ ಹೊಲಿಗೆ ಅದು. ಆ ಗೆರೆಯ ಪಕ್ಕದಲ್ಲಿ ಕೂದಲಿನಂಥ ಕಪ್ಪು ಬಿರುಕು ಇದ್ದರೆ ಮಾತ್ರ ಯೋಚಿಸಬೇಕು.

ಅಂಜಬೇಕಾದದ್ದು ಗುಲಾಬಿ ಬಣ್ಣಕ್ಕೆ. ಹಿತ್ತಾಳೆ ತಾಮ್ರ, ಸತುವುಗಳ ಮಿಶ್ರಣ. ಉಸಿರಿನ ತೇವ ವರ್ಷಾನುಗಟ್ಟಲೆ ಒಳಗೆ ನಿಂತರೆ ಸತು ಕರಗಿಹೋಗಿ ತಾಮ್ರ ಜಾಳುಜಾಳಾಗಿ ಉಳಿಯುತ್ತದೆ. ಹೊರಮೈಯಲ್ಲಿ ಸೂಜಿಮೊನೆಯಷ್ಟು ಕೆಂಪು ಚುಕ್ಕೆ, ಅದರ ಸುತ್ತ ಕಪ್ಪು ಉಂಗುರ ಕಂಡರೆ ಕೊಳೆತ ಒಳಗಿನಿಂದ ಹೊರಗೆ ಬಂದಿದೆ ಎಂದು ಅರ್ಥ. ಒಂದೆರಡು ಚುಕ್ಕೆ ಕ್ರೂಕ್‌ನಲ್ಲಿದ್ದರೆ ಆ ಕ್ರೂಕ್ ಮುಂದೊಂದು ದಿನ ಬದಲಾಗಬೇಕು, ಅಷ್ಟೆ. ದೇಹದ ಕೊಳವೆಯುದ್ದಕ್ಕೂ ಚುಕ್ಕೆಗಳು ಸಾಲುಗಟ್ಟಿದ್ದರೆ ಆ ವಾದ್ಯವನ್ನು ನುಡಿಸಲೆಂದು ಕೊಳ್ಳಬಾರದು. ಅದನ್ನು ಸರಿಪಡಿಸುವ ವಿದ್ಯೆ ಇಲ್ಲ, ಕೊಳವೆಯನ್ನೇ ಬದಲಿಸಬೇಕಾಗುತ್ತದೆ. ಬದಲಿಸಿದ ಮೇಲೆ ಉಳಿಯುವುದು ಬೇರೆ ವಾದ್ಯ. ಇದಕ್ಕೆ ಹೋಲಿಸಿದರೆ ಹಳೆಯ ತೇಪೆಗಳು ಎಷ್ಟೋ ವಾಸಿ. ಅಚ್ಚುಕಟ್ಟಾಗಿ ಬೆಸೆದ ತೇಪೆ ನೂರು ವರ್ಷ ಗಾಳಿ ಬಿಡದೆ ನಿಂತಿರುತ್ತದೆ.

ಇಲ್ಲೊಂದು ಮಾತು ಗಟ್ಟಿಯಾಗಿ ಹೇಳುವಂಥದ್ದು. ಥಳಥಳ ಹೊಳೆಯುವ, ಒಂದೂ ನೆಗ್ಗಿಲ್ಲದ ಹಳೆಯ ಹಾರ್ನ್‌ಗಿಂತ, ಕಂದು ಹಿಡಿದು ಅಲ್ಲಲ್ಲಿ ನೆಗ್ಗಿದ, ಯಾರೂ ಕೈಹಾಕದ ಹಾರ್ನ್ ಮೇಲು. ಬೆಲ್‌ನ ತಗಡು ಮೊದಲೇ ತೆಳು, ಅರ್ಧ ಮಿಲಿಮೀಟರ್‌ನ ಆಸುಪಾಸು. ಪ್ರತಿ ನೆಗ್ಗನ್ನು ತೆಗೆದಾಗಲೂ ಲೋಹ ಹಿಗ್ಗುತ್ತದೆ, ಪ್ರತಿ ಪಾಲಿಷ್‌ನಲ್ಲೂ ಒಂದು ಪದರ ಹೋಗುತ್ತದೆ. ಬೆಲ್‌ನ ಅಂಚಿನಿಂದ ಒಳಕ್ಕೆ ಹೆಬ್ಬೆರಳಿಂದ ಮೆಲ್ಲಗೆ ಒತ್ತಿದಾಗ ತಗಡು ಡಬ್ಬಿಯ ಮುಚ್ಚಳದಂತೆ ಒಳಹೋಗಿ ಹೊರಬಂದರೆ, ಅದು ಉಜ್ಜುವ ಚಕ್ರಕ್ಕೆ ಎಷ್ಟೋ ಬಾರಿ ಸಿಕ್ಕಿದೆ.

ಕ್ರೂಕ್‌ಗಳ ಮೇಲೆ ಸಾಮಾನ್ಯವಾಗಿ ಶ್ರುತಿಯ ಗುರುತು ಒತ್ತಿರುತ್ತದೆ: ಜರ್ಮನ್ ವಾದ್ಯಗಳಲ್ಲಿ ಅಕ್ಷರ, ಫ್ರೆಂಚ್ ವಾದ್ಯಗಳಲ್ಲಿ ಉತ್, ರೆ, ಮಿ, ಫಾ ಎಂಬ ಸ್ವರನಾಮ. ಪೆಟ್ಟಿಗೆಯಲ್ಲಿರುವ ಎಲ್ಲ ಕ್ರೂಕ್‌ಗಳೂ ಒಂದೇ ವಾದ್ಯಕ್ಕೆ ಹುಟ್ಟಿದವೇ ಎಂದು ನೋಡಲು ಗುರುತಿನ ಅಕ್ಷರದ ಆಕಾರ, ಕೊಳವೆಯ ಬಣ್ಣ, ತುದಿಯ ಉಂಗುರಗಳ ಕೆಲಸ ಹೋಲಿಸಬೇಕು. ಪರಕೀಯ ಕ್ರೂಕ್ ಬೆರೆತಿರುವುದು ತೀರ ಸಾಮಾನ್ಯ, ಅದೊಂದು ಅಪರಾಧವೂ ಅಲ್ಲ. ಬೆಲೆ ಅದಕ್ಕೆ ತಕ್ಕಂತೆ ಇಳಿಯಬೇಕು. ತುದಿಯನ್ನು ದೇಹಕ್ಕೆ ಸಿಕ್ಕಿಸಿದಾಗ ಅಲುಗದೆ, ತಿರುಗದೆ ನಿಲ್ಲಬೇಕು. ಇನ್ನೂರು ವರ್ಷ ಹಾಕಿ ತೆಗೆದ ತುದಿ ಸವೆದು ಸಡಿಲವಾಗಿದ್ದರೆ, ವಾದ್ಯ ಅರಿತ ಕೆಲಸಗಾರ ತುದಿಯನ್ನು ತುಸು ಹಿಗ್ಗಿಸಿ ಕೂಡಿಸಬಲ್ಲ. ನೂಲು ಸುತ್ತಿ ಮೇಣ ಹಚ್ಚುವುದು ತಾತ್ಕಾಲಿಕ ಉಪಾಯ, ಒಂದು ಕಚೇರಿಗೆ ಸಾಕಾದೀತು. ಯಾವ ಶ್ರುತಿಗಳು ಇರಲೇಬೇಕು ಎಂದು ಕೇಳಿದರೆ ಇ-ಫ್ಲಾಟ್, ಡಿ, ಎಫ್, ಇ ಎಂದು ಉತ್ತರ. ಮೊಜಾರ್ಟ್‌ನ ಕನ್ಚೆರ್ಟೊಗಳಿಗೆ ಮೊದಲೆರಡು, ಬೀಥೋವನ್ ಸೊನಾಟಾಗೆ ಮೂರನೆಯದು. ಕೈಯ ಕೆಲಸ ಚೆನ್ನಾಗಿ ಕೇಳುವುದೂ ಈ ನಡು ಶ್ರುತಿಗಳಲ್ಲೇ. ಬಿ-ಫ್ಲಾಟ್ ಆಲ್ಟೊ, ಬಾಸೊಗಳು ವಾದ್ಯವೃಂದದವರಿಗೆ ಬೇಕಾದವು, ಆಮೇಲೆ ಮಾಡಿಸಿಕೊಳ್ಳಬಹುದು.

ಶ್ರುತಿಯ ಲೆಕ್ಕ ಇಲ್ಲಿ ಮುಖ್ಯವಾಗುತ್ತದೆ, ಇದನ್ನು ಬಿಟ್ಟು ಹಣ ಕಳೆದುಕೊಂಡವರು ಬಹಳ. ಎ ಸ್ವರಕ್ಕೆ ಇಂದು ಸಾಮಾನ್ಯವಾಗಿ 440 ಹರ್ಟ್ಸ್. ಮೊಜಾರ್ಟ್, ಬೀಥೋವನ್ ಕಾಲದ ಸಂಗೀತ ನುಡಿಸುವ ಇಂದಿನ ತಂಡಗಳು 430 ಹಿಡಿಯುತ್ತವೆ. ಫ್ರಾನ್ಸ್ 1859ರಲ್ಲಿ 435 ಎಂದು ಕಾನೂನು ಮಾಡಿತು. ಇಂಗ್ಲೆಂಡಿನಲ್ಲಿ 19ನೇ ಶತಮಾನದ ಕೊನೆಗೆ ಅದು 452ರವರೆಗೂ ಏರಿತ್ತು. 440ರಿಂದ 430ಕ್ಕೆ ಇಳಿಯಲು ಸುಮಾರು 40 ಸೆಂಟ್ ಬೇಕು. 3.7 ಮೀಟರ್ ಉದ್ದದ ಎಫ್ ಹಾರ್ನ್‌ನಲ್ಲಿ ಇದು ಎಂಟು ಒಂಬತ್ತು ಸೆಂಟಿಮೀಟರ್ ಹೆಚ್ಚಿನ ಕೊಳವೆ. ಅಷ್ಟು ಉದ್ದದ ಬಿಡಿ ತುಂಡನ್ನು ಕ್ರೂಕ್‌ಗೂ ದೇಹಕ್ಕೂ ನಡುವೆ ಸೇರಿಸಿದರೆ ಕೆಲಸ ಆಯಿತು. ಇಂಥ ತುಂಡುಗಳನ್ನು ಆ ಕಾಲದ ವಾದಕರೇ ಜೇಬಲ್ಲಿಟ್ಟುಕೊಂಡಿರುತ್ತಿದ್ದರು. ಕ್ರೂಕ್ ಉದ್ದವಾದಷ್ಟೂ ತುಂಡೂ ಉದ್ದವಿರಬೇಕು. ಹೀಗೆ, ಶ್ರುತಿ ಏರಿದ ವಾದ್ಯವನ್ನು ಇಳಿಸಬಹುದು. ಇಳಿದ ವಾದ್ಯವನ್ನು ಏರಿಸಬೇಕೆಂದರೆ ಕೊಳವೆ ಕತ್ತರಿಸಬೇಕು. ಆದ್ದರಿಂದ ಬೇಕಾದ ಶ್ರುತಿಗಿಂತ ಸ್ವಲ್ಪ ಏರಿದ ಹಾರ್ನ್ ಕೊಳ್ಳಬಹುದು, ಇಳಿದದ್ದನ್ನು ಕೊಳ್ಳಬಾರದು. ಮಾರುವವರು ಅಳೆದ ಶ್ರುತಿಯನ್ನು ಹೇಳುವಾಗ ಕೋಣೆಯ ಉಷ್ಣತೆಯನ್ನೂ ಕೇಳಬೇಕು. ಚಳಿಗಾಲದ ಯುರೋಪಿನ ತಣ್ಣನೆ ಕೋಣೆಯಲ್ಲಿ ಅಳೆದದ್ದು ಏಪ್ರಿಲ್ ತಿಂಗಳ ಬೆಂಗಳೂರಿನಲ್ಲಿ ಏರಿಯೇ ಕೇಳುತ್ತದೆ.

ಮೌತ್‌ಪೀಸ್ ವಿಷಯ ಚಿಕ್ಕದು. ಹಳೆಯದು ಆಳವಾದ ಆಲಿಕೆಯ ಆಕಾರ, ಅಂಚು ಸಪೂರ. ವಾದ್ಯದ ಜೊತೆ ಅದರ ಮೂಲ ಮೌತ್‌ಪೀಸ್ ಉಳಿದಿದ್ದರೆ ಅದು ಭಾಗ್ಯ. ಇಂದಿನ ಹಾರ್ನ್ ಮೌತ್‌ಪೀಸ್‌ನ ಕಾಲು ಹಳೆಯ ಕ್ರೂಕ್‌ನೊಳಗೆ ಸರಿಯಾಗಿ ಕೂರುವುದಿಲ್ಲ, ಹೆಚ್ಚು ಒಳಗಿಳಿಯುತ್ತದೆ ಅಥವಾ ತುದಿಯಲ್ಲೇ ನಿಲ್ಲುತ್ತದೆ. ಎರಡರಲ್ಲೂ ಸ್ವರಗಳ ನಡುವಿನ ಅಂತರ ಕೆಡುತ್ತದೆ. ಹಳೆಯ ಮಾದರಿಯಲ್ಲಿ ಹೊಸದಾಗಿ ಮಾಡಿದ ಮೌತ್‌ಪೀಸ್ ಒಂದನ್ನು ಕೈಯಲ್ಲಿ ಹಿಡಿದೇ ವಾದ್ಯ ನೋಡಲು ಹೋಗುವುದು ಲೇಸು.

ಪರೀಕ್ಷೆ ಸೋರಿಕೆಯಿಂದ ಆರಂಭವಾಗಬೇಕು. ಕ್ರೂಕ್ ತೆಗೆದು, ದೇಹದ ಕಿರುತುದಿಯನ್ನು ಬೆರಳಿಂದ ಮುಚ್ಚಿ ಬೆಲ್ ಕಡೆಯಿಂದ ಗಾಳಿ ತುಂಬಲಾಗದು, ಬೆಲ್ ಅಷ್ಟು ಅಗಲ. ಹಾಗಾಗಿ ಬೆಲ್‌ನ ಕಂಠಕ್ಕೆ ಬಟ್ಟೆ ಸುತ್ತಿದ ಬಿರಡೆ ಒತ್ತಿ, ಇನ್ನೊಂದು ತುದಿಯಿಂದ ಮೆಲ್ಲಗೆ ಊದಿ, ಕೊಳವೆಗಳುದ್ದಕ್ಕೂ ಒದ್ದೆ ಕೆನ್ನೆ ಅಥವಾ ತುಟಿ ಹಿಡಿದು ಗಾಳಿ ತಾಗುತ್ತದೆಯೇ ನೋಡಬೇಕು. ಕ್ರೂಕ್‌ಗಳಿಗೆ ಇದು ಇನ್ನೂ ಸುಲಭ: ಒಂದು ತುದಿ ಮುಚ್ಚಿ, ಇನ್ನೊಂದರಿಂದ ಗಾಳಿ ಹೀರಿ ನಾಲಿಗೆ ಒತ್ತಿ ಹಿಡಿದರೆ, ಬಿಟ್ಟಾಗ ಟಪ್ ಎನ್ನಬೇಕು. ಅನ್ನದಿದ್ದರೆ ಎಲ್ಲೋ ತೂತಿದೆ. ಬಣ್ಣ ಬಳಿದ ಬೆಲ್ ಇರುವ ವಾದ್ಯವನ್ನು ನೀರಲ್ಲಿ ಮುಳುಗಿಸಿ ಗುಳ್ಳೆ ನೋಡುವ ಕೆಲಸ ಎಂದೂ ಕೂಡದು.

ಆಮೇಲೆ ನುಡಿಸಬೇಕು. ಇ-ಫ್ಲಾಟ್ ಕ್ರೂಕ್ ಹಾಕಿ, ಕೈಯನ್ನು ತೆರೆದಿಟ್ಟು 2ರಿಂದ 12ನೇ ಹಾರ್ಮೋನಿಕ್‌ವರೆಗೆ ಒಂದೊಂದನ್ನೂ ಮೆಲ್ಲಗೆ ಎತ್ತಿ, ಹಿಗ್ಗಿಸಿ, ಇಳಿಸಬೇಕು. ಯಾವ ಸ್ವರವೂ ಒಡೆಯದೆ, ಪಕ್ಕದ ಸ್ವರಕ್ಕೆ ಜಾರದೆ ನಿಲ್ಲಬೇಕು. ನಂತರ 4ನೆಯದರಿಂದ 8ನೆಯದರವರೆಗೆ ಪೂರ್ತಿ ಸ್ವರಶ್ರೇಣಿ. ನಮ್ಮ ಹೆಸರುಗಳಲ್ಲಿ ಹೇಳುವುದಾದರೆ ಸ, ಗ, ಪ ಕೊಳವೆಯೇ ಕೊಡುವ ತೆರೆದ ಸ್ವರಗಳು. ರಿ, ಮ, ದ, ನಿ ಕೈಯಿಂದ ಹುಟ್ಟುವವು. ನಿಷಾದಕ್ಕೆ ಬೆಲ್ ಅರ್ಧ ಮುಚ್ಚಿದರೆ ಸಾಕು, ರಿಷಭ ಮಧ್ಯಮ ಧೈವತಗಳಿಗೆ ಹೆಚ್ಚು ಮುಚ್ಚಬೇಕು. ಒಳ್ಳೆಯ ಹಾರ್ನ್‌ನ ಗುಣ ತಿಳಿಯುವುದು ಇಲ್ಲಿಯೇ. ಮುಚ್ಚಿದ ಸ್ವರಗಳು ತೆರೆದವುಗಳಿಗಿಂತ ಮಬ್ಬಾಗಿ ಕೇಳುವುದು ಸಹಜ, ಆ ನೆರಳು ಬೆಳಕೇ ಈ ವಾದ್ಯದ ಚೆಲುವು. ಆದರೆ ಮೆಲ್ಲನೆಯ ನುಡಿಕೆಯಲ್ಲಿ ಎರಡೂ ಒಂದೇ ಗಂಟಲಿನಿಂದ ಬಂದಂತೆ ಕೇಳಬೇಕು. ಮುಚ್ಚಿದ ಸ್ವರ ಬೇರೆಲ್ಲಿಂದಲೋ ಬಂದಂತೆ ಗುಂಯ್‌ಗುಟ್ಟಿದರೆ, ಬೆಲ್‌ನ ಕಂಠವನ್ನು ಯಾರೋ ತಿದ್ದಿದ್ದಾರೆ, ಇಲ್ಲವೆ ಅದು ವಾಲ್ವ್ ಹಾರ್ನ್‌ನ ಅಗಲ ಕಂಠದ ಬೆಲ್. ಈ ಒಂದು ಪರೀಕ್ಷೆಯಲ್ಲಿ ಗೆದ್ದ ವಾದ್ಯಕ್ಕೆ ನೆಗ್ಗು ತೇಪೆಗಳನ್ನೆಲ್ಲ ಕ್ಷಮಿಸಬಹುದು. ಸೋತದ್ದಕ್ಕೆ ಎಂಥ ದೊಡ್ಡ ಹೆಸರಿದ್ದರೂ ಹಣ ಕೊಡಬಾರದು. ದೂರದಿಂದ ಕೊಳ್ಳುವವರು ಇದೇ ಶ್ರೇಣಿಯನ್ನು ಬೇರೊಬ್ಬ ಹಾರ್ನ್ ವಾದಕರಿಂದ ನುಡಿಸಿ, ಪ್ರತಿ ಕ್ರೂಕ್‌ನಲ್ಲೂ ಧ್ವನಿಮುದ್ರಿಸಿ ಕಳಿಸಲು ಕೇಳಬೇಕು, ಹಿಂದಿರುಗಿಸುವ ಗಡುವನ್ನು ಬರಹದಲ್ಲಿ ಪಡೆಯಬೇಕು.

ಭಾರತಕ್ಕೆ ತರಿಸುವವರು ಕ್ರೂಕ್‌ಗಳನ್ನೂ ಮೌತ್‌ಪೀಸನ್ನೂ ಬೇರ್ಪಡಿಸಿ ಕಟ್ಟಿಸಬೇಕು; ಸಿಕ್ಕಿಸಿಟ್ಟ ಕ್ರೂಕ್ ದಾರಿಯ ಕುಲುಕಾಟಕ್ಕೆ ಕಚ್ಚಿಕೊಳ್ಳುತ್ತದೆ, ಇಲ್ಲವೆ ತುದಿ ಸೊಟ್ಟಗಾಗುತ್ತದೆ. ನೂರು ವರ್ಷ ಮೀರಿದ ವಸ್ತುಗಳಿಗೆ ಕಸ್ಟಮ್ಸ್‌ನಲ್ಲಿ ಬೇರೆ ವರ್ಗವೇ ಇರುವುದರಿಂದ ವಾದ್ಯದ ಕಾಲವನ್ನು ತಿಳಿಸುವ ಪತ್ರ, ರಸೀದಿ, ಚಿತ್ರಗಳು ಜೊತೆಗಿರಬೇಕು. ಆಮದಿನ ಕಾಗದಗಳನ್ನು ಎಸೆಯಬಾರದು. ಪ್ರಾಚೀನ ವಸ್ತುಗಳ 1972ರ ಕಾಯಿದೆ ನೂರು ವರ್ಷ ದಾಟಿದ ಕಲಾವಸ್ತು, ಕುಶಲವಸ್ತುಗಳನ್ನು ದೇಶದಿಂದ ಹೊರಗೊಯ್ಯುವುದನ್ನು ನಿರ್ಬಂಧಿಸುತ್ತದೆ. ಬೆಂಗಳೂರಿಗೆ ತಂದ ಹಾರ್ನನ್ನು ಮುಂದೊಂದು ದಿನ ಹೊರದೇಶದ ಕಚೇರಿಗೆ ಒಯ್ಯುವ ಯೋಚನೆ ಇದ್ದವರು ತರಿಸುವ ಮೊದಲೇ ಪುರಾತತ್ವ ಸರ್ವೇಕ್ಷಣೆಯ ಕಚೇರಿಯಲ್ಲಿ ವಿಚಾರಿಸುವುದು ಒಳ್ಳೆಯದು.

ಮನೆಗೆ ಬಂದ ಮೇಲೆ ವಾದ್ಯಕ್ಕೆ ಆಗುವ ಹಾನಿ ಪ್ರೀತಿಯಿಂದಲೇ ಆಗುತ್ತದೆ. ಹಬ್ಬಕ್ಕೆ ದೇವರ ಪಾತ್ರೆ ಬೆಳಗುವ ಹಾಗೆ ಹುಣಸೆಹಣ್ಣು, ನಿಂಬೆ, ಇಟ್ಟಿಗೆ ಪುಡಿ ಹಾಕಿ ಇದನ್ನು ತಿಕ್ಕಬಾರದು. ಹುಳಿ ಸತುವನ್ನು ತಿನ್ನುತ್ತದೆ, ಪುಡಿ ಕೆತ್ತನೆಯನ್ನು ಅಳಿಸುತ್ತದೆ. ಕಂದು ಬಣ್ಣ ಹಿತ್ತಾಳೆಗೆ ಕಾಲ ಹೊದಿಸಿದ ರಕ್ಷೆ, ಹಾಗೇ ಇರಲಿ. ಹಸಿರು ಕಿಲುಬನ್ನು ಮಾತ್ರ ಒದ್ದೆ ಬಟ್ಟೆಯಿಂದ ಒರೆಸಿ ಒಣಗಿಸಬೇಕು. ಕೊಳವೆಯ ಒಳಗೆ ಉಗುರುಬೆಚ್ಚಗಿನ ನೀರು ಸಾಕು. ನುಡಿಸಿದ ನಂತರ ವಾದ್ಯವನ್ನು ತಿರುಗಿಸಿ ತಿರುಗಿಸಿ ತೇವವನ್ನೆಲ್ಲ ಹೊರಹಾಕಿ, ಕ್ರೂಕ್ ಬಿಚ್ಚಿ, ಪೆಟ್ಟಿಗೆ ಮುಚ್ಚುವ ಮೊದಲು ಗಾಳಿಗಿಡಬೇಕು. ಕರಾವಳಿ, ಮಲೆನಾಡುಗಳ ಮಳೆಗಾಲದಲ್ಲಿ ಪೆಟ್ಟಿಗೆಯೊಳಗೆ ತೇವ ಹೀರುವ ಸಿಲಿಕಾ ಪೊಟ್ಟಣ ಬೇಕೇಬೇಕು.

ರಿಪೇರಿಗೆ ಕೊಡುವಾಗಲೂ ಕತ್ತರಿಸುವುದನ್ನು, ಹೊಸದಾಗಿ ಬೆಸೆಯುವುದನ್ನು, ಉಜ್ಜುವುದನ್ನು ಬೇಡವೆಂದು ಬರೆದುಕೊಡಬೇಕು. ಸೋರಿಕೆ ಮುಚ್ಚುವುದು, ಕಿರುಗೊಳವೆಯ ನೆಗ್ಗು ತೆಗೆಯುವುದು, ತುದಿಗಳನ್ನು ಬಿಗಿ ಮಾಡುವುದು, ಇಷ್ಟಕ್ಕೆ ನಿಲ್ಲಿಸಬೇಕು; ಮಾಡಿದ್ದನ್ನೆಲ್ಲ ದಿನಾಂಕ ಹಾಕಿ, ಚಿತ್ರ ತೆಗೆದು ಇಡಬೇಕು. ದಿನವಿಡೀ ಸಾಧನೆಗೆ, ಮದುವೆಮನೆ, ಬಯಲು ಕಚೇರಿಗಳಿಗೆ ಇಂದಿನ ತಯಾರಕರು ರಾವೂ ಮೊದಲಾದವರ ಮಾದರಿಯಲ್ಲಿ ಮಾಡುವ ಹೊಸ ನ್ಯಾಚುರಲ್ ಹಾರ್ನ್‌ಗಳಿವೆ. ಕೈಯ ಪಾಠವನ್ನು ಅವುಗಳಲ್ಲಿ ಮಾಡಿ, ಹಳೆಯದನ್ನು ವಾರಕ್ಕೆ ಒಂದೆರಡು ಸಲ, ಸ್ವಲ್ಪ ಹೊತ್ತು ನುಡಿಸಬೇಕೆಂದು ವಾದಕ ಮಿತ್ರರಲ್ಲಿ ಕೇಳಿಕೊಳ್ಳಲಾಗಿದೆ. ವಾಲ್ವ್ ಕೂಡಿಸಲು, ಶ್ರುತಿ ಏರಿಸಲು ಕೊಳವೆಗೆ ಗರಗಸ ಇಡಬೇಕೆಂದು ಯಾರಾದರೂ ಸಲಹೆ ಕೊಟ್ಟರೆ, ದಯವಿಟ್ಟು ವಾದ್ಯವನ್ನು ಪೆಟ್ಟಿಗೆಗೆ ಹಾಕಿಕೊಂಡು ಆ ಅಂಗಡಿಯಿಂದ ಹೊರಟುಬಿಡಿ.